ಕೆಂಪು ಕಾರ್ಬನ್ನಿನಿಂದ ಮೊಬೈಲಿನ ಚೌಕದವರೆಗೆ



ಕಳೆದ ತಿಂಗಳು ಮನೆಯ ಹಳೆಯ ಟ್ರಂಕನ್ನು ಶುಚಿಗೊಳಿಸುತ್ತಿದ್ದಾಗ ಒಂದು ಪುಟ್ಟ ಪುಸ್ತಕದಂತಹ ವಸ್ತು ಕೈಗೆ ಸಿಕ್ಕಿತು. ಉದ್ದನೆಯ ರಟ್ಟಿನ ಹೊದಿಕೆ, ಒಳಗೆ ತೆಳು ಹಾಳೆ, ಅದರ ಮೇಲೆ ಮಸುಕಾದ ಕೈಬರಹ, ಬೆನ್ನಿಗೆ ಕೆಂಪು ಕಾರ್ಬನ್ನಿನ ಲೇಪ. 1984ರಲ್ಲಿ ನನ್ನ ಅಣ್ಣ ಮುಂಬಯಿಯಿಂದ ಮಸ್ಕತ್ತಿಗೆ ಉದ್ಯೋಗಕ್ಕೆಂದು ಹೊರಟಾಗ ಕೊಂಡಿದ್ದ ವಿಮಾನದ ಟಿಕೆಟ್ಟಿನಲ್ಲಿ ಉಳಿದಿದ್ದ ಪ್ರಯಾಣಿಕರ ಪ್ರತಿ ಅದು. ಆ ಟಿಕೆಟ್ಟು ಮನೆಗೆ ಬಂದ ದಿನ ಅಮ್ಮ ಅದನ್ನು ಯಾರ ಕೈಗೂ ಕೊಡದೆ ದೇವರ ಕೋಣೆಯಲ್ಲಿಟ್ಟು ಕುಂಕುಮ ಹಚ್ಚಿದ್ದಳು. ಹೊದಿಕೆಯ ಮೂಲೆಯಲ್ಲಿ ಆ ಕುಂಕುಮದ ಕಲೆ ಇಂದಿಗೂ ಇದೆ.

ಅಂದು ಮನೆಗೆ ಬಂದಿದ್ದ ಅಣ್ಣನ ಮೊಮ್ಮಗಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಜ್ಜಾ, ಇದು ಯಾವ ಬ್ಯಾಂಕಿನ ಪಾಸ್‌ಬುಕ್?" ಎಂದು ಕೇಳಿದಳು. ವಿಮಾನದ ಟಿಕೆಟ್ಟು ಎಂದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ. ತನ್ನ ಮೊಬೈಲನ್ನು ತೆರೆದು, ಕಪ್ಪು ಬಿಳಿ ಚುಕ್ಕೆಗಳ ಒಂದು ಚೌಕವನ್ನು ತೋರಿಸಿ, "ನನ್ನ ನಾಡಿದ್ದಿನ ಪ್ರಯಾಣವೆಲ್ಲ ಇದರೊಳಗಿದೆ" ಎಂದಳು. ಒಂದೇ ಮನೆಯ ಎರಡು ತಲೆಮಾರುಗಳ ನಡುವೆ ಇಷ್ಟು ದೊಡ್ಡ ಬದಲಾವಣೆ ಹೇಗಾಯಿತು? ಮೂವತ್ತಕ್ಕೂ ಹೆಚ್ಚು ವರ್ಷ ಇತಿಹಾಸ ಪಾಠ ಮಾಡಿದವನಿಗೆ ಇಂತಹ ಪ್ರಶ್ನೆ ಎದುರಾದರೆ ಸುಮ್ಮನಿರುವುದು ಕಷ್ಟ. ಓದಿ ತಿಳಿದುಕೊಂಡದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಜಗತ್ತಿನ ಮೊದಲ ವೇಳಾಪಟ್ಟಿಯ ವಿಮಾನ ಸೇವೆ ಆರಂಭವಾದದ್ದು 1914ರ ಜನವರಿ 1ರಂದು, ಅಮೆರಿಕದ ಫ್ಲಾರಿಡಾದಲ್ಲಿ. ಸೇಂಟ್ ಪೀಟರ್ಸ್‌ಬರ್ಗ್ ಎಂಬ ಊರಿನಿಂದ ಕೊಲ್ಲಿಯ ಆಚೆಗಿದ್ದ ಟ್ಯಾಂಪಾ ನಗರಕ್ಕೆ ನೀರಿನ ಮೇಲೆ ಇಳಿಯಬಲ್ಲ ಪುಟ್ಟ ವಿಮಾನ. ಚಾಲಕ ಟೋನಿ ಜಾನಸ್. ಪ್ರಯಾಣಿಕ ಒಬ್ಬನೇ, ಆ ಊರಿನ ಮಾಜಿ ಮೇಯರ್ ಅಬ್ರಾಮ್ ಫೈಲ್. ಮೊದಲ ಟಿಕೆಟ್ಟನ್ನು ಹರಾಜು ಹಾಕಿದಾಗ ಆತ 400 ಡಾಲರ್ ಕೊಟ್ಟು ಕೊಂಡಿದ್ದ. 23 ನಿಮಿಷಗಳ ಪ್ರಯಾಣ. ಇಂತಹ ಪ್ರಯಾಣದಲ್ಲಿ ಬೋರ್ಡಿಂಗ್ ಪಾಸಿನ ಅಗತ್ಯವೇನಿತ್ತು? ಇರುವುದು ಒಂದೇ ಆಸನ, ಹತ್ತುವವನನ್ನು ಊರೇ ಬಲ್ಲದು. ಮುಖವೇ ರಹದಾರಿ! ಈ ಮಾತನ್ನು ನೆನಪಿನಲ್ಲಿಡಿ. ಕೊನೆಯಲ್ಲಿ ಮತ್ತೆ ಇಲ್ಲಿಗೇ ಬರುತ್ತೇವೆ.

ವಿಮಾನಗಳು ದೇಶದ ಗಡಿಗಳನ್ನು ದಾಟತೊಡಗಿದಾಗ ಕಾನೂನಿನ ತೊಡಕುಗಳು ಹುಟ್ಟಿದವು. ಒಂದು ದೇಶದಲ್ಲಿ ಹತ್ತಿದ ಪ್ರಯಾಣಿಕನಿಗೆ ಇನ್ನೊಂದು ದೇಶದಲ್ಲಿ ಅಪಘಾತವಾದರೆ ಹೊಣೆ ಯಾರದು? ಇದಕ್ಕೆ ಉತ್ತರವಾಗಿ 1929ರ ಅಕ್ಟೋಬರ್ 12ರಂದು ಪೋಲೆಂಡಿನ ರಾಜಧಾನಿಯಲ್ಲಿ ವಾರ್ಸಾ ಒಪ್ಪಂದಕ್ಕೆ ಸಹಿ ಬಿತ್ತು. ವಿಮಾನ ಸಂಸ್ಥೆಯು ಪ್ರಯಾಣಿಕನಿಗೆ ಟಿಕೆಟ್ಟು ಕೊಡಲೇಬೇಕು, ಅದರಲ್ಲಿ ಇಂತಿಂತಹ ವಿವರಗಳಿರಬೇಕು ಎಂದು ಆ ಒಪ್ಪಂದದ ಮೂರನೆಯ ವಿಧಿ ಹೇಳಿತು. ಆದರೆ ಅದೇ ವಿಧಿಯಲ್ಲಿ ಇನ್ನೊಂದು ಮಾತೂ ಇತ್ತು. ಟಿಕೆಟ್ಟು ಇಲ್ಲದಿದ್ದರೂ, ಅದರಲ್ಲಿ ದೋಷವಿದ್ದರೂ, ಅದು ಕಳೆದುಹೋದರೂ, ಪ್ರಯಾಣದ ಕರಾರು ಮಾತ್ರ ಊರ್ಜಿತವಾಗಿಯೇ ಉಳಿಯುತ್ತದೆ ಎಂಬುದು ಅದರ ಸಾರ. ಕರಾರು ನಡೆಯುವುದು ಇಬ್ಬರ ನಡುವೆ; ಕಾಗದ ಅದಕ್ಕೆ ಸಾಕ್ಷಿ, ಅಷ್ಟೆ. ಈ ಸಣ್ಣ ವಾಕ್ಯದಲ್ಲಿ ಎಷ್ಟು ದೊಡ್ಡ ವಿವೇಕವಿದೆ ಎಂಬುದು ಬಹುಕಾಲ ಯಾರ ಗಮನಕ್ಕೂ ಬಂದಂತಿಲ್ಲ. ಆಚರಣೆಯಲ್ಲಿ ಮಾತ್ರ ಟಿಕೆಟ್ಟು ಹಣದಷ್ಟೇ ಬೆಲೆಯ ವಸ್ತುವಾಯಿತು. ಕಳೆದುಕೊಂಡವನು ಸಾಮಾನ್ಯವಾಗಿ ಮತ್ತೊಂದನ್ನು ಕೊಂಡು, ಹಳೆಯದರ ಹಣಕ್ಕಾಗಿ ಅರ್ಜಿ ಹಾಕಿ ಕಾಯಬೇಕಾಗುತ್ತಿತ್ತು. ಅಮ್ಮ ಅದನ್ನು ದೇವರ ಕೋಣೆಯಲ್ಲಿಟ್ಟದ್ದು ಭಕ್ತಿಯಿಂದಲೋ ಕಳೆದೀತೆಂಬ ಭಯದಿಂದಲೋ ಎಂದು ಕೇಳಿದರೆ, ಎರಡರಿಂದಲೂ ಎನ್ನಬೇಕು.

ಒಪ್ಪಂದದ ಮರುವರ್ಷ, 1930ರಲ್ಲಿ, ವಿಮಾನ ಸಂಸ್ಥೆಗಳ ಒಕ್ಕೂಟವು ಎಲ್ಲರೂ ಒಪ್ಪುವ ಮಾದರಿಯ ಕೈಬರಹದ ಟಿಕೆಟ್ಟನ್ನು ರೂಪಿಸಿತು. ನಮ್ಮ ದೇಶದಲ್ಲಿ ಆಗಿನ್ನೂ ವಿಮಾನವೆಂದರೆ ಅಂಚೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆ ಚೀಲಗಳನ್ನು ಹೊತ್ತು ಹಾರಿದರು. ಅಲ್ಲಿಂದ ಮುಂದೆ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಬಳ್ಳಾರಿಯ ನೆಲಕ್ಕೆ ಅಷ್ಟು ಹಿಂದೆಯೇ ವಿಮಾನದ ಗಾಲಿ ತಾಗಿತ್ತೆಂಬುದನ್ನು ಆ ಕಡೆಯ ನನ್ನ ವಿದ್ಯಾರ್ಥಿಗಳು ಹೆಮ್ಮೆಯಿಂದ ನೆನೆಯಬಹುದು.

ಅಣ್ಣನ ಟಿಕೆಟ್ಟಿನಂತಹ ಪುಸ್ತಿಕೆಯಲ್ಲಿ ಹಲವು ಹಾಳೆಗಳಿರುತ್ತಿದ್ದವು. ಒಂದು ಲೆಕ್ಕಪತ್ರಕ್ಕೆ, ಒಂದು ಮಾರಿದ ಏಜೆಂಟನಿಗೆ, ಪ್ರತಿಯೊಂದು ಹಾರಾಟಕ್ಕೆ ಒಂದೊಂದು, ಕೊನೆಯದು ಪ್ರಯಾಣಿಕನಿಗೆ. ಮೇಲಿನ ಹಾಳೆಯ ಮೇಲೆ ಒತ್ತಿ ಬರೆದರೆ ಕೆಂಪು ಕಾರ್ಬನ್ ಕೆಳಗಿನ ಎಲ್ಲ ಹಾಳೆಗಳಿಗೂ ಅಕ್ಷರವನ್ನು ದಾಟಿಸುತ್ತಿತ್ತು. ಟಿಕೆಟ್ಟು ಮುಟ್ಟಿದ ಬೆರಳು ಕೆಂಪಾಗದೆ ಉಳಿಯುತ್ತಿರಲಿಲ್ಲ. ನಿಲ್ದಾಣದಲ್ಲಿ ಹಾರಾಟದ ಹಾಳೆಯನ್ನು ಹರಿದುಕೊಂಡು, ಅದರ ಬದಲಿಗೆ ಆಸನದ ಸಂಖ್ಯೆ ಬರೆದ ಬೋರ್ಡಿಂಗ್ ಪಾಸ್ ಕೊಡುತ್ತಿದ್ದರು. ಅಂದರೆ ಟಿಕೆಟ್ಟು ಹಣ ಕೊಟ್ಟದ್ದಕ್ಕೆ ಸಾಕ್ಷಿ. ಬೋರ್ಡಿಂಗ್ ಪಾಸ್ ಇಂದು ಈ ವಿಮಾನಕ್ಕೆ ಹಾಜರಾಗಿದ್ದೇನೆ ಎಂಬುದಕ್ಕೆ ಸಾಕ್ಷಿ. ಶಾಲೆಯ ಭಾಷೆಯಲ್ಲಿ ಹೇಳುವುದಾದರೆ ಒಂದು ಶುಲ್ಕದ ರಸೀದಿ, ಇನ್ನೊಂದು ಹಾಜರಿ. 1983ರಲ್ಲಿ ಬೆನ್ನ ಮೇಲೆ ಕಾಂತಪಟ್ಟಿಯುಳ್ಳ ಗಟ್ಟಿ ಚೀಟಿ ಬಂದು, ಇವೆರಡೂ ಒಂದೇ ಕಾಗದದಲ್ಲಿ ಸೇರಿಕೊಂಡವು.

ಇಷ್ಟರೊಳಗೆ ಕಾಗದದ ಹಿಂದೆ ಇನ್ನೊಂದು ಪ್ರಪಂಚ ಬೆಳೆಯುತ್ತಿತ್ತು. ಅಮೆರಿಕನ್ ಏರ್‌ಲೈನ್ಸ್ ಮತ್ತು ಐಬಿಎಂ ಸೇರಿ ಕಟ್ಟಿದ ಸೇಬರ್ ಎಂಬ ಗಣಕ ವ್ಯವಸ್ಥೆ 1960ರ ದಶಕದ ಮೊದಲ ಭಾಗದಲ್ಲಿಯೇ ಆಸನ ಕಾಯ್ದಿರಿಸುವ ಕೆಲಸವನ್ನು ವಹಿಸಿಕೊಂಡಿತು. ಪ್ರಯಾಣಿಕನ ಹೆಸರು, ದಿನ, ಆಸನ ಎಲ್ಲವೂ ಗಣಕದ ಕಡತದಲ್ಲಿ ಇದ್ದ ಮೇಲೆ ಅದನ್ನೇ ಕಾಗದದ ಮೇಲೂ ಬರೆದು ಕೊಡುವುದೇಕೆ? ಈ ಪ್ರಶ್ನೆಗೆ ಉತ್ತರ ಬರಲು ಮೂರು ದಶಕಗಳೇ ಬೇಕಾದವು. 1994ರಲ್ಲಿ ಅಮೆರಿಕದಲ್ಲಿ ಮೊದಲ ಇ-ಟಿಕೆಟ್ಟು ಬಂತು. ಆದರೆ ದೇಶ ದೇಶಗಳ ನಡುವಿನ ಪ್ರಯಾಣಕ್ಕೆ ಅಡ್ಡಿಯಾಗಿ ನಿಂತದ್ದು ಅದೇ 1929ರ ಒಪ್ಪಂದ. ಅದು ಕಾಗದದ ಕಾಲದಲ್ಲಿ ಬರೆದದ್ದು. 1999ರ ಮಾಂಟ್ರಿಯಲ್ ಒಪ್ಪಂದವು, ವಿವರಗಳನ್ನು ಕಾಪಾಡುವ ಬೇರೆ ಯಾವುದೇ ಸಾಧನವೂ ಟಿಕೆಟ್ಟಿನ ಸ್ಥಾನದಲ್ಲಿ ನಿಲ್ಲಬಹುದೆಂದು ಸ್ಪಷ್ಟವಾಗಿ ಒಪ್ಪಿತು. ಅದು 2003ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಭಾರತ 2009ರಲ್ಲಿ ಸೇರಿತು.

ಆ 2003ನೆಯ ವರ್ಷ ಕನ್ನಡಿಗರಿಗೂ ಸ್ಮರಣೀಯ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು ಬೆಂಗಳೂರಿನಲ್ಲಿ ಏರ್ ಡೆಕ್ಕನ್ ಆರಂಭಿಸಿದ ವರ್ಷ ಅದು. ಆರ್.ಕೆ. ಲಕ್ಷ್ಮಣರ 'ಶ್ರೀಸಾಮಾನ್ಯ'ನೇ ಆ ಸಂಸ್ಥೆಯ ಗುರುತು. ದುಬಾರಿ ಪುಸ್ತಿಕೆಯ ಟಿಕೆಟ್ಟನ್ನು ಕೈಬಿಟ್ಟು, ಅಂತರಜಾಲದಲ್ಲಿ ಕೊಂಡು ಸಾದಾ ಹಾಳೆಯಲ್ಲಿ ಮುದ್ರಿಸಿಕೊಂಡರೆ ಸಾಕೆಂಬುದನ್ನು ನಮ್ಮ ಮಧ್ಯಮ ವರ್ಗಕ್ಕೆ ರೂಢಿ ಮಾಡಿಸಿದವರಲ್ಲಿ ಗೋಪಿನಾಥ್ ಪ್ರಮುಖರು. ನನ್ನ ಮೊದಲ ವಿಮಾನಯಾನವೂ ಅಂತಹ ಒಂದು ಸಾದಾ ಹಾಳೆಯ ಬಲದಿಂದಲೇ ನಡೆಯಿತು. ಹಾಳೆ ಸುಕ್ಕಾದರೆ ಒಳಗೆ ಬಿಡುವುದಿಲ್ಲವೇನೋ ಎಂದು ಅದನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು, ಜೊತೆಗೆ ಎರಡು ಜೆರಾಕ್ಸ್ ಪ್ರತಿಗಳನ್ನೂ ಒಯ್ದಿದ್ದೆ! ಈಗ ನೆನೆದರೆ ನಗು ಬರುತ್ತದೆ.

2004ರಲ್ಲಿ ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘವು ಕಾಗದದ ಟಿಕೆಟ್ಟನ್ನು ಸಂಪೂರ್ಣವಾಗಿ ನಿಲ್ಲಿಸುವ ಪಣ ತೊಟ್ಟಿತು. ಆಗ ಇ-ಟಿಕೆಟ್ಟಿನ ಪಾಲು ಶೇಕಡ 20ನ್ನೂ ಮುಟ್ಟಿರಲಿಲ್ಲ. ಕಾಗದದ ಟಿಕೆಟ್ಟೊಂದಕ್ಕೆ ಸುಮಾರು 10 ಡಾಲರ್ ಖರ್ಚು ತಗುಲಿದರೆ ಇ-ಟಿಕೆಟ್ಟಿಗೆ 1 ಡಾಲರ್ ಎಂಬುದು ಸಂಘದ ಲೆಕ್ಕ. ಗಡುವು 2008ರ ಮೇ 31ಕ್ಕೆ ನಿಂತಿತು. ಜೂನ್ 1ರಿಂದ ಸಂಘದ ವ್ಯವಸ್ಥೆಯಲ್ಲಿ ಕಾಗದದ ಟಿಕೆಟ್ಟು ಇಲ್ಲವಾಯಿತು. ಒಂದು ಕಾಕತಾಳೀಯ ನೋಡಿ: ನಮ್ಮ ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ್ದು 2008ರ ಮೇ 24ರಂದು. ಅಣ್ಣ ಕೊಂಡಂತಹ ಟಿಕೆಟ್ಟಿಗೂ ಆ ನಿಲ್ದಾಣಕ್ಕೂ ಸಿಕ್ಕ ನಂಟು ಎಂಟು ದಿನಗಳದು ಮಾತ್ರ.

ಟಿಕೆಟ್ಟೇನೋ ಗಣಕದೊಳಗೆ ಹೋಯಿತು. ಆದರೆ ಬೋರ್ಡಿಂಗ್ ಪಾಸ್ ಉಳಿದಿತ್ತು. ಅದನ್ನು ಮೊಬೈಲಿಗೆ ತಂದ ಚೌಕದ ಕಥೆಯೇ ಬೇರೆ. ಅದರ ಮೂಲ ಸಮುದ್ರ ತೀರದ ಮರಳಿನಲ್ಲಿದೆ. ಅಮೆರಿಕದ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಎಂಬ ತರುಣ ಮಯಾಮಿಯ ಕಡಲತಡಿಯಲ್ಲಿ ಕುಳಿತು, ತಂತಿ ಸಂದೇಶದ ಮೋರ್ಸ್ ಸಂಕೇತದ ಚುಕ್ಕೆ ಗೆರೆಗಳನ್ನು ನೆನೆಯುತ್ತಾ ಮರಳಿನಲ್ಲಿ ಬೆರಳುಗಳನ್ನು ಎಳೆದ. ತೆಳು ಗೆರೆ, ದಪ್ಪ ಗೆರೆ ಮೂಡಿದವು. ಬಾರ್‌ಕೋಡಿನ ಕಲ್ಪನೆ ಹೊಳೆಯಿತು. ಬರ್ನಾರ್ಡ್ ಸಿಲ್ವರ್ ಜೊತೆಗೂಡಿ ಆತ ಪಡೆದ ಪೇಟೆಂಟಿನ ವರ್ಷ 1952. ಅಂಗಡಿಯಲ್ಲಿ ಬಾರ್‌ಕೋಡ್ ಓದಿಸಿ ಮೊದಲ ವಸ್ತುವನ್ನು, ಒಂದು ಚೂಯಿಂಗ್ ಗಮ್ ಪೊಟ್ಟಣವನ್ನು, ಮಾರಿದ್ದು 1974ರ ಜೂನ್ 26ರಂದು. ಗೆರೆಗಳ ಕೋಡಿನಲ್ಲಿ ಹಿಡಿಸುವ ಮಾಹಿತಿ ಅಲ್ಪ. ಆದ್ದರಿಂದ 1990ರ ದಶಕದಲ್ಲಿ ಅಡ್ಡಕ್ಕೂ ಉದ್ದಕ್ಕೂ ಮಾಹಿತಿ ತುಂಬುವ ಕೋಡುಗಳು ಬಂದವು: 1991ರಲ್ಲಿ ಪಿಡಿಎಫ್417, 1994ರಲ್ಲಿ ಜಪಾನಿನ ಮಸಾಹಿರೊ ಹಾರಾ ಅವರ ಕ್ಯೂಆರ್, 1995ರಲ್ಲಿ ಅಜ್ಟೆಕ್. ನಡುವಿನ ಚೌಕಗಳು ಮೇಲಿನಿಂದ ನೋಡಿದ ಮೆಕ್ಸಿಕೋದ ಪಿರಮಿಡ್ಡಿನಂತೆ ಕಾಣುವುದರಿಂದ ಕೊನೆಯದಕ್ಕೆ ಆ ಹೆಸರು.

ಈ ಕೋಡುಗಳ ಒಂದು ಗುಣ ಗಣಿತದ ಮೇಷ್ಟ್ರುಗಳಿಗೆ ಇಷ್ಟವಾದೀತು. ಒಂದು ಮೂಲೆ ಅಳಿಸಿದರೂ, ಪರದೆಯ ಗಾಜು ಒಂದಿಷ್ಟು ಬಿರುಕುಬಿಟ್ಟಿದ್ದರೂ ಯಂತ್ರ ಉಳಿದ ಭಾಗದಿಂದ ಪೂರ್ಣ ಮಾಹಿತಿಯನ್ನು ಮರಳಿ ಕಟ್ಟಬಲ್ಲದು. 1960ರಲ್ಲಿ ರೀಡ್ ಮತ್ತು ಸಾಲಮನ್ ಎಂಬ ಇಬ್ಬರು ಗಣಿತಜ್ಞರು ಕಂಡುಕೊಂಡ ದೋಷ ತಿದ್ದುವ ವಿಧಾನದ ಫಲವಿದು. "ಈ ಬೀಜಗಣಿತದಿಂದ ಏನು ಪ್ರಯೋಜನ ಸಾರ್?" ಎಂದು ಕೊನೆಯ ಬೆಂಚಿನಿಂದ ಕೇಳುತ್ತಿದ್ದವರು ಮುಂದಿನ ಸಲ ವಿಮಾನ ಹತ್ತುವಾಗ ಇದನ್ನು ನೆನೆಯಿರಿ.

ಚೌಕದೊಳಗೆ ಇರುವುದಾದರೂ ಏನು? ಒಂದು ಹಾರಾಟಕ್ಕೆ ಕಡ್ಡಾಯವಾದ ಮಾಹಿತಿ ಕೇವಲ 60 ಅಕ್ಷರ: ಹೆಸರು, ಕಾಯ್ದಿರಿಸಿದ ಸಂಕೇತ, ಹೊರಡುವ ಊರು, ಸೇರುವ ಊರು, ವಿಮಾನದ ಸಂಖ್ಯೆ, ದಿನ, ಆಸನ ಇತ್ಯಾದಿ. ದಿನವನ್ನು ತಿಂಗಳು ತಾರೀಕುಗಳಲ್ಲಿ ಬರೆಯದೆ ವರ್ಷದ ಎಷ್ಟನೆಯ ದಿನ ಎಂದು ಬರೆಯುತ್ತಾರೆ. ಅಧಿಕ ವರ್ಷವಲ್ಲದಿದ್ದರೆ ನಮ್ಮ ರಾಜ್ಯೋತ್ಸವ ಅಲ್ಲಿ 305. ಹೆಸರಿಗೆ ಕೊಟ್ಟಿರುವ ಜಾಗ 20 ಅಕ್ಷರಗಳು. ಊರು, ತಂದೆ, ಸ್ವಂತ ಹೆಸರು ಎಲ್ಲವನ್ನೂ ಹೊತ್ತು ತಿರುಗುವ ನಮ್ಮಂತಹವರ ಹೆಸರು ಅಲ್ಲಿ ಬಾಲ ಕತ್ತರಿಸಿದ ಹಲ್ಲಿಯಂತಾಗುತ್ತದೆ.

2005ರಲ್ಲಿ ವಿಮಾನ ಸಂಘವು ಕಾಗದದ ಪಾಸಿಗೆ ಪಿಡಿಎಫ್417 ಕೋಡನ್ನು ನಿಗದಿ ಮಾಡಿತು. 2007ರಲ್ಲಿ ಮೊಬೈಲಿಗೆಂದು ಅಜ್ಟೆಕ್, ಕ್ಯೂಆರ್ ಮೊದಲಾದ ಚೌಕ ಕೋಡುಗಳನ್ನು ಒಪ್ಪಿತು. ಚಿಕ್ಕ ಪರದೆಗೆ ಚೌಕವೇ ಅನುಕೂಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ಹ್ಯೂಸ್ಟನ್ ನಿಲ್ದಾಣದಲ್ಲಿ ಕಾಂಟಿನೆಂಟಲ್ ಏರ್‌ಲೈನ್ಸ್ ಮತ್ತು ಅಲ್ಲಿನ ಸಾರಿಗೆ ಭದ್ರತಾ ಇಲಾಖೆ ಸೇರಿ ಕಾಗದವಿಲ್ಲದ ಪಾಸಿನ ಪ್ರಯೋಗ ಆರಂಭಿಸಿದವು. ಪ್ರಯಾಣಿಕ ಮೊಬೈಲಿನ ಚೌಕವನ್ನು ತೋರಿಸಿದರೆ ಸಾಕು. ಇಲ್ಲಿ ಒಂದು ಹಿನ್ನೆಲೆ ಇದೆ. 2006ರಲ್ಲಿ ಕ್ರಿಸ್ಟೋಫರ್ ಸೊಗೋಯನ್ ಎಂಬ ಸಂಶೋಧನಾ ವಿದ್ಯಾರ್ಥಿ, ಮನೆಯಲ್ಲಿ ಮುದ್ರಿಸಿಕೊಳ್ಳುವ ಪಾಸನ್ನು ಯಾರು ಬೇಕಾದರೂ ನಕಲಿ ಮಾಡಬಹುದೆಂದು ಅಂತರಜಾಲದಲ್ಲಿ ತೋರಿಸಿಕೊಟ್ಟು, ಎಫ್‌ಬಿಐ ಶೋಧನೆಗೆ ಗುರಿಯಾಗಿದ್ದ. ಹ್ಯೂಸ್ಟನ್ನಿನ ಚೌಕದಲ್ಲಿ ತಿದ್ದಲಾಗದಂತೆ ಡಿಜಿಟಲ್ ಸಹಿಯನ್ನೂ ಅಡಗಿಸಿದ್ದರು. 2012ರಲ್ಲಿ ಆಪಲ್ ಸಂಸ್ಥೆ ತನ್ನ ಫೋನುಗಳಲ್ಲಿ ಪಾಸುಗಳನ್ನಿಡುವ ಒಂದು ಜೋಳಿಗೆಯನ್ನೇ ಕೊಟ್ಟ ಮೇಲೆ ಈ ಪದ್ಧತಿ ವೇಗವಾಗಿ ಹರಡಿತು.

ನಮ್ಮ ದೇಶದಲ್ಲಿ ಮಾತ್ರ ಒಂದು ವಿಚಿತ್ರ ತೊಡಕಿತ್ತು, ಅದು ರಬ್ಬರ್ ಮುದ್ರೆ. 1999ರ ಡಿಸೆಂಬರ್‌ನ ಕಂದಹಾರ್ ವಿಮಾನ ಅಪಹರಣದ ತರುವಾಯ, 2000ದಿಂದ ವಿಮಾನ ನಿಲ್ದಾಣಗಳ ಭದ್ರತೆ ಹಂತಹಂತವಾಗಿ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ ಸೇರಿತು. ತಪಾಸಣೆ ಮುಗಿದವರ ಬೋರ್ಡಿಂಗ್ ಪಾಸಿಗೂ ಕೈಚೀಲದ ಚೀಟಿಗೂ ಮುದ್ರೆ ಒತ್ತುವುದು ಕಡ್ಡಾಯ. ಕಾಗದದ ಮೇಲಾದರೆ ಸರಿ. ಮೊಬೈಲಿನ ಗಾಜಿನ ಮೇಲೆ ಮುದ್ರೆ ಒತ್ತುವುದು ಹೇಗೆ? 2017ರ ಏಪ್ರಿಲ್ 1ರಿಂದ ಬೆಂಗಳೂರು ಸೇರಿದಂತೆ ಏಳು ನಿಲ್ದಾಣಗಳಲ್ಲಿ ಕೈಚೀಲದ ಚೀಟಿಯ ಮುದ್ರೆ ಹೋಯಿತು. ಪಾಸಿನ ಮುದ್ರೆಯನ್ನು ಕೊನೆಗಾಣಿಸಿದ್ದು ಕೊರೋನಾ. 2020ರ ಮೇ 25ರಂದು ದೇಶದೊಳಗಿನ ವಿಮಾನಗಳು ಮತ್ತೆ ಹಾರತೊಡಗಿದಾಗ, ಒಬ್ಬರ ಕಾಗದವನ್ನು ಇನ್ನೊಬ್ಬರು ಮುಟ್ಟಬಾರದೆಂದು ಮುದ್ರೆಯನ್ನು ನಿಲ್ಲಿಸಿ, ಅಂತರಜಾಲದಲ್ಲಿಯೇ ಚೆಕ್-ಇನ್ ಮಾಡಬೇಕೆಂಬ ನಿಯಮ ತಂದರು. ಯಾವ ತಂತ್ರಜ್ಞನ ವಾದವೂ ಕದಲಿಸಲಾಗದ ಮುದ್ರೆಯನ್ನು ಕಣ್ಣಿಗೆ ಕಾಣದ ಕ್ರಿಮಿಯೊಂದು ಕದಲಿಸಿತು.

ಇಲ್ಲಿಯವರೆಗೆ ಹೇಳಿದ್ದು ಸಾಧನೆಯ ಕಥೆ. ಆದರೆ ಇತಿಹಾಸವನ್ನು ಗೆದ್ದವರ ಕಡೆಯಿಂದಷ್ಟೇ ಓದಬಾರದೆಂದು ತರಗತಿಯಲ್ಲಿ ನಿಮಗೆ ಹೇಳುತ್ತಿದ್ದೆನಲ್ಲವೇ? 2022ರ ಆರಂಭದಲ್ಲಿ ನಾನು ಒಂದು ವಿಮಾನ ನಿಲ್ದಾಣದ ಸರತಿ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಉತ್ತರ ಕರ್ನಾಟಕದ ಕಡೆಯ ಒಬ್ಬ ವೃದ್ಧೆ, ಇಳಕಲ್ ಸೀರೆ, ಕೈಯಲ್ಲಿ ಗುಂಡಿಗಳ ಹಳೆಯ ಮೊಬೈಲು. ಮಗ ಟಿಕೆಟ್ಟು ಕೊಂಡು ಪಕ್ಕದ ಮನೆಯ ಹುಡುಗನ ಫೋನಿಗೆ ಕಳಿಸಿದ್ದ. ಆ ಹುಡುಗ ಒಂದು ಚೀಟಿಯಲ್ಲಿ ಸಂಖ್ಯೆಗಳನ್ನು ಬರೆದುಕೊಟ್ಟಿದ್ದ. ಕೌಂಟರಿನ ತರುಣಿ, ಪಾಸ್ ಮುದ್ರಿಸಿಕೊಡಬೇಕಾದರೆ 200 ರೂಪಾಯಿ ಕಟ್ಟಬೇಕೆಂದಳು. ಆ ತಾಯಿ ನನ್ನ ಕಡೆ ತಿರುಗಿ, "ನನ್ನ ಮಗ ರೊಕ್ಕ ತುಂಬ್ಯಾನ್ರೀ ಅಣ್ಣಾರ, ಮತ್ಯಾಕ ರೊಕ್ಕ ಕೇಳ್ತಾರ್ರಿ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಹಣ ಕೊಡಲು ನಾನು ಮುಂದಾದೆ. ಅವರು ಒಪ್ಪದೆ, ಸೆರಗಿನ ಗಂಟು ಬಿಚ್ಚಿ ತಾವೇ ಎಣಿಸಿ ಕೊಟ್ಟರು. ಆ ತರುಣಿಯನ್ನು ನಾನು ದೂರುವುದಿಲ್ಲ. ಅವಳು ನಿಯಮ ಪಾಲಿಸಿದಳು. ಆದರೆ ಅವಳ ತಪ್ಪೂ ಅಲ್ಲದ, ಈ ತಾಯಿಯ ತಪ್ಪೂ ಅಲ್ಲದ ಆ 200 ರೂಪಾಯಿ ಹಲವು ದಿನ ನನ್ನನ್ನು ಕಾಡಿತು. 1929ರಲ್ಲಿ ಒಪ್ಪಿದ ಮಾತು, ಅಂದರೆ ಸಾಕ್ಷಿ ಇಲ್ಲದಿದ್ದರೂ ಕರಾರು ಉಳಿಯುತ್ತದೆ ಎಂಬುದು, ಆ ಕೌಂಟರಿನ ಮುಂದೆ ಎಲ್ಲಿ ಹೋಗಿತ್ತು?

ಸಮಾಧಾನದ ಸಂಗತಿಯೆಂದರೆ, ಇಂತಹ ದೂರುಗಳ ನಂತರ 2022ರ ಜುಲೈನಲ್ಲಿ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯವು, ಕೌಂಟರಿನಲ್ಲಿ ಪಾಸ್ ಕೊಡುವುದಕ್ಕೆ ಪ್ರತ್ಯೇಕ ಶುಲ್ಕ ವಸೂಲು ಮಾಡಕೂಡದೆಂದು ವಿಮಾನ ಸಂಸ್ಥೆಗಳಿಗೆ ಸೂಚಿಸಿತು. ಈ ವಿಷಯ ಗೊತ್ತಿಲ್ಲದ ಹಿರಿಯರು ನಿಮ್ಮ ಮನೆಗಳಲ್ಲಿದ್ದರೆ ದಯವಿಟ್ಟು ತಿಳಿಸಿ.

ಅಷ್ಟರಲ್ಲಿ ಕಾಲ ಇನ್ನೊಂದು ಹೆಜ್ಜೆ ಮುಂದಿಟ್ಟಿತು. 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿಗಳಲ್ಲಿ ಡಿಜಿಯಾತ್ರಾ ಆರಂಭವಾಯಿತು. ಮುಖವನ್ನು ಕ್ಯಾಮೆರಾಕ್ಕೆ ತೋರಿಸಿದರೆ ದ್ವಾರ ತೆರೆಯುತ್ತದೆ. ನೋಡಿ, 1914ರಲ್ಲಿ ಮುಖವೇ ರಹದಾರಿಯಾಗಿತ್ತು ಎಂದೆನಲ್ಲ, ಮತ್ತೆ ಅಲ್ಲಿಗೇ ಬಂದೆವು! ವ್ಯತ್ಯಾಸವೊಂದಿದೆ. ಅಂದು ಫೈಲ್ ಮಹಾಶಯನ ಮುಖವನ್ನು ಗುರುತಿಸಿದವರು ಅವನ ಊರಿನ ಜನ. ಇಂದು ಗುರುತಿಸುವುದು ಯಂತ್ರ. ಊರಿನವರು ನನ್ನ ಮುಖವನ್ನು ನೆನಪಿಟ್ಟರೆ ಅದು ಸ್ನೇಹ. ಯಂತ್ರ ನೆನಪಿಟ್ಟರೆ ಅದು ದತ್ತಾಂಶ. ಪ್ರಯಾಣದ 24 ಗಂಟೆಗಳೊಳಗೆ ಅದನ್ನು ಅಳಿಸಬೇಕೆಂದು ನಿಯಮವಿದೆ. ಈ ಸೇವೆ ಐಚ್ಛಿಕವೆಂದೂ ಹೇಳಿದೆ. ಆ 'ಐಚ್ಛಿಕ' ಎಂಬ ಪದವನ್ನು ನಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತದ್ದು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ. ಅರ್ಜಿ ಹಾಕಿದಾಗ ಅವರ ವಯಸ್ಸು ಎಂಬತ್ತನ್ನು ದಾಟಿತ್ತು. ಹಿರಿಯರಿಗೆ ಹೊಸ ಕಾಲದ ವಿಷಯ ತಿಳಿಯದೆಂದು ಯಾರಾದರೂ ಹೇಳಿದರೆ ಈ ಹೆಸರನ್ನು ನೆನಪಿಸಿ.

2025ರ ನವೆಂಬರ್‌ನಲ್ಲಿ ಯೂರೋಪಿನ ರಯನ್‌ಏರ್ ಸಂಸ್ಥೆ ಮುದ್ರಿತ ಪಾಸನ್ನು ಕೈಬಿಟ್ಟು ಸಂಪೂರ್ಣ ಮೊಬೈಲಿಗೆ ಬದಲಾಯಿತು. ಮೊದಲೇ ಚೆಕ್-ಇನ್ ಆಗಿದ್ದವರ ಫೋನು ಕೈಕೊಟ್ಟರೆ ನಿಲ್ದಾಣದಲ್ಲಿ ಉಚಿತವಾಗಿ ನೆರವಾಗುವುದಾಗಿ ಅದು ಹೇಳಿದೆ. ಆ ಸಣ್ಣ ಕಿಟಕಿಯೇ ಮುಖ್ಯ. ನಾನು ಕಾಗದದ ಪಕ್ಷಪಾತಿಯಲ್ಲ. ಮೊಬೈಲಿನ ಪಾಸನ್ನೇ ಬಳಸುತ್ತೇನೆ. ಹೊಸ ಬಾಗಿಲು ತೆರೆಯಲಿ, ಆದರೆ ಹಳೆಯ ಬಾಗಿಲಿನ ಬಳಿ ಒಬ್ಬ ಮನುಷ್ಯ ಕುಳಿತಿರಲಿ ಎಂಬುದಷ್ಟೇ ನನ್ನ ವಿನಂತಿ.

ಮೇಷ್ಟ್ರ ಚಾಳಿ ಬಿಡಲಾಗದೆ ಎರಡು ಕಿವಿಮಾತು. ಪ್ರಯಾಣದ ಉತ್ಸಾಹದಲ್ಲಿ ಬೋರ್ಡಿಂಗ್ ಪಾಸಿನ ಚಿತ್ರವನ್ನು ಹತ್ತು ಜನಕ್ಕೆ ತೋರಿಸಬೇಡಿ. ಆ ಚೌಕವನ್ನು ಯಾವ ಫೋನಾದರೂ ಓದಬಲ್ಲದು, ನಿಮ್ಮ ಹೆಸರು ಮತ್ತು ಕಾಯ್ದಿರಿಸಿದ ಸಂಕೇತ ಅದರಲ್ಲಿವೆ. ಎರಡನೆಯದಾಗಿ, ಹಿರಿಯರಿಗೆ ಟಿಕೆಟ್ಟು ಕೊಂಡುಕೊಟ್ಟಾಗ ಪಾಸನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಅವರ ಚೀಲದಲ್ಲಿಡಿ.

ಅಣ್ಣನ ಮೊಮ್ಮಗಳು ಹೊರಡುವ ದಿನ ನನ್ನ ಹೆಂಡತಿ ಎಂದಿನಂತೆ ದೀಪ ಹಚ್ಚಿ, "ಟಿಕೆಟ್ಟು ಕೊಡು ಮಗಾ, ದೇವರ ಮುಂದಿಡುತ್ತೇನೆ" ಎಂದಳು. ಹುಡುಗಿ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ನಗುತ್ತಾ ಮೊಬೈಲನ್ನೇ ಕೊಟ್ಟಳು. ಗಾಜಿಗೆ ಕುಂಕುಮ ಹಚ್ಚಿದರೆ ಚೌಕವನ್ನು ಯಂತ್ರ ಓದೀತೋ ಇಲ್ಲವೋ ಎಂದು ನಾನು ಆತಂಕಪಟ್ಟೆ. "ಒಂದು ಚುಕ್ಕೆಗೆ ಏನೂ ಆಗುವುದಿಲ್ಲ ಅಜ್ಜಾ" ಎಂದಳು ಅವಳು. ರೀಡ್, ಸಾಲಮನ್ನರು ಆ ಭರವಸೆಯನ್ನು ಕೊಟ್ಟೇ ಇದ್ದರಲ್ಲ!

ನಿಮ್ಮ ಮನೆಯ ಟ್ರಂಕುಗಳಲ್ಲಿಯೂ ಇಂತಹ ಹಳೆಯ ಟಿಕೆಟ್ಟುಗಳಿದ್ದರೆ ಎಸೆಯಬೇಡಿ. ಅವುಗಳ ಕಥೆಯನ್ನು ಬರೆದು ತಿಳಿಸಿ, ಓದಲು ಕಾದಿರುತ್ತೇನೆ.